ಸೋಲ್ ಸಂಗೀತದ 45 ರೆಕಾರ್ಡು: ಅಸಲಿ ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

'ಇದು ಒರಿಜಿನಲ್ಲೇ ತಾನೆ, ನೋಡಿ ಹೇಳಿ' ಎಂಬ ಸಾಲು, ಜೊತೆಗೆ ತಟ್ಟೆಯ ನಡುವಿನ ಕಾಗದದ ಲೇಬಲ್ಲಿನ ಒಂದು ಫೋಟೊ. ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತವಾದ ಸೋಲ್‌ನ ರೆಕಾರ್ಡು ಕೂಡಿಡಲು ಹೊರಟ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಲೇಬಲ್ಲಿನ ಫೋಟೊ ಒಂದನ್ನೇ ನೋಡಿ ಯಾರೂ ಖಚಿತವಾಗಿ ಹೇಳಲಾರರು. ಲೇಬಲ್ಲನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಾಡಿನ ಗೆರೆಗಳು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ನುಣುಪು ಜಾಗ, ತಟ್ಟೆಯನ್ನು ಮಾಡಿರುವ ಪ್ಲಾಸ್ಟಿಕ್ಕು, ನುಡಿಸಿದಾಗ ಕೇಳುವ ಸದ್ದು, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಅದನ್ನು ಪರೀಕ್ಷಿಸುವ ಕ್ರಮ ಇಲ್ಲಿದೆ. ಕೊಳ್ಳುವುದು, ತರಿಸುವುದು, ತೊಳೆಯುವುದು, ಮಳೆಗಾಲದಲ್ಲಿ ಕಾಯುವುದು ಆಮೇಲಿನ ಮಾತು.

ಈ ಲೇಖನ 1960ರ ದಶಕದಲ್ಲಿ ಅಮೆರಿಕದಲ್ಲಿ ಒತ್ತಿದ, 7 ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ, ಬದಿಗೊಂದು ಹಾಡಿರುವ ಸಿಂಗಲ್‌ಗಳ ಬಗ್ಗೆ. ಡೆಟ್ರಾಯಿಟ್, ಷಿಕಾಗೊ, ಫಿಲಡೆಲ್ಫಿಯಾದಂಥ ಊರುಗಳ ಸಣ್ಣ ಕಂಪನಿಗಳು ಎಷ್ಟೋ ಹಾಡುಗಳನ್ನು ಅತಿ ಕಡಿಮೆ ಪ್ರತಿಗಳಲ್ಲಿ ಒತ್ತಿಸಿ ರೇಡಿಯೊಗೆ ಕೊಡುತ್ತಿದ್ದವು. ಹಾಡು ಓಡದಿದ್ದರೆ ಉಳಿದ ಮಾಲು ಸಗಟಾಗಿ ಚಿಲ್ಲರೆ ಕಾಸಿಗೆ ಹೋಗುತ್ತಿತ್ತು. ಅದರಲ್ಲಿ ಸಾಕಷ್ಟು ಇಂಗ್ಲೆಂಡಿಗೆ ಬಂತು. ಅಲ್ಲಿನ ಉತ್ತರ ಭಾಗದ ಕ್ಲಬ್ಬುಗಳಲ್ಲಿ, ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವ್ಹೀಲ್, ಟನ್‌ಸ್ಟಾಲ್‌ನ ಗೋಲ್ಡನ್ ಟಾರ್ಚ್, 1973ರಿಂದ 1981ರವರೆಗೆ ವಿಗನ್ ಕ್ಯಾಸಿನೊ, ತಾಯ್ನಾಡಿನಲ್ಲಿ ಸೋತ ಈ ಹಾಡುಗಳಿಗೇ ಯುವಕರು ರಾತ್ರಿಯಿಡೀ ಕುಣಿದರು. 1970ರಲ್ಲಿ ಅಂಕಣಕಾರ ಡೇವ್ ಗಾಡಿನ್ ಬರೆದ ಮೇಲೆ ಈ ಅಭಿರುಚಿಗೆ 'ನಾರ್ದರ್ನ್ ಸೋಲ್' ಎಂಬ ಹೆಸರು ನಿಂತಿತು. ಕೈಗೆ ಸಿಕ್ಕ ಅಪರೂಪದ ಹಾಡು ಬೇರೆ ಡಿಜೆಗೆ ಗೊತ್ತಾಗಬಾರದೆಂದು ಲೇಬಲ್ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರು ಹೇಳಿ ನುಡಿಸುವುದು ವಾಡಿಕೆಯಾಗಿತ್ತು. ಇದಕ್ಕೆ 'ಕವರ್ ಅಪ್' ಎನ್ನುತ್ತಾರೆ.

ನಕಲಿ ಪ್ರತಿಗಳೂ ಅದೇ ಕಾಲದಲ್ಲಿ ಹುಟ್ಟಿದವು. ಹೀಗಾಗಿ 1970ರ ದಶಕದ ನಕಲಿಗೇ ಈಗ ಸುಮಾರು ಐವತ್ತು ವರ್ಷ. ಹಳದಿಗಟ್ಟಿದ ಲೇಬಲ್, ಸವೆದ ಅಂಚು, ಹಳೆಯ ಕಾಗದದ ವಾಸನೆ, ಇವು ವಯಸ್ಸನ್ನು ಹೇಳುತ್ತವೆ, ಅಸಲಿತನವನ್ನು ಹೇಳುವುದಿಲ್ಲ. ಹೊಸಬರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಬೇಕಾಗುವ ಸಾಮಾನು

ಎಲ್‌ಇಡಿ ಟಾರ್ಚು, ಒಡವೆ ಅಂಗಡಿಯವರು ಬಳಸುವಂಥ 10 ಪಟ್ಟಿನ ಭೂತಗನ್ನಡಿ, ಮುಳ್ಳಿನ ಭಾರ ಅಳೆಯುವ ಪುಟ್ಟ ಡಿಜಿಟಲ್ ತಕ್ಕಡಿ, 45ರ ದೊಡ್ಡ ತೂತಿಗೆ ಹಾಕುವ ಅಡಾಪ್ಟರ್. ಅಮೆರಿಕದ 45ರ ನಡುತೂತು ಸುಮಾರು 38 ಮಿ.ಮೀ. ಅಗಲ, ಅಡಾಪ್ಟರ್ ಇಲ್ಲದೆ ಅದು ಪ್ಲೇಯರಿನ ಮೇಲೆ ನಿಲ್ಲದು. ತೂತಿನೊಳಗೆ ಒತ್ತಿ ಕೂರಿಸುವ ತೆಳು ಪ್ಲಾಸ್ಟಿಕ್ ಅಡಾಪ್ಟರಿಗಿಂತ, ಪ್ಲೇಯರಿನ ನಡುಕಂಬಿಗೆ ಹಾಕುವ ದಪ್ಪ ಬಿಲ್ಲೆಯಂಥದ್ದನ್ನೇ ಕೊಳ್ಳಿ. ಮುಂದೆ ವಿವರಿಸುವ ಸ್ಟೈರೀನ್ ತಟ್ಟೆಗಳ ನಡುಭಾಗ, ಅಡಾಪ್ಟರನ್ನು ಬಲವಂತವಾಗಿ ಒತ್ತಿದರೆ ಸೀಳುತ್ತದೆ.

ಪ್ಲೇಯರ್ ಬಗ್ಗೆ ಎರಡು ಎಚ್ಚರಿಕೆ. ಅಟ್ಟದ ಮೇಲಿರುವ ಹಳೆಯ ಸೂಟ್‌ಕೇಸ್ ಪ್ಲೇಯರಿನ ಮುಳ್ಳು ಈಗಿನದಕ್ಕಿಂತ ಹಲವು ಪಟ್ಟು ಭಾರ ಹಾಕುತ್ತದೆ. ಅದರಲ್ಲಿ ಈ ರೆಕಾರ್ಡು ನುಡಿಸಲೇಬೇಡಿ. ಇನ್ನೊಂದು, ಅಮೆರಿಕದಲ್ಲಿರುವ ನೆಂಟರು ಅಲ್ಲಿನ ಹಳೆಯ ಪ್ಲೇಯರ್ ತಂದುಕೊಡುತ್ತೇನೆ ಎಂದರೆ ಮೋಟಾರ್ ಯಾವುದೆಂದು ಕೇಳಿ. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುವ ಎಸಿ ಸಿಂಕ್ರನಸ್ ಮೋಟಾರ್ ಇದ್ದರೆ 45 ಸುತ್ತಿನ ಬದಲು 37.5 ಸುತ್ತು ತಿರುಗಿ ಹಾಡು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ವೇಗ ಸರಿಹೋಗುವುದಿಲ್ಲ.

1. ಯಾವ ಪ್ರತಿ ಬೇಕೆಂದು ಮೊದಲೇ ತೀರ್ಮಾನಿಸಿ

ಒಂದೇ ಹಾಡು ಮೂರು ಬಗೆಯಲ್ಲಿ ಸಿಗುತ್ತದೆ. ಮೊದಲ ಬಿಡುಗಡೆಯ ಕಾಲದಲ್ಲಿ ಒತ್ತಿದ್ದು ಒರಿಜಿನಲ್. ಹಕ್ಕು ಪಡೆದು ಆಮೇಲೆ ಹೊರತಂದದ್ದು ರೀಇಶ್ಯೂ. ಹಕ್ಕಿಲ್ಲದೆ ಒತ್ತಿದ್ದು ಬೂಟ್‌ಲೆಗ್. ಬೂಟ್‌ಲೆಗ್ಗುಗಳಲ್ಲೂ ಒಂದು ಬಗೆ ಮೂಲ ಲೇಬಲ್ಲನ್ನೇ ಹೋಲುವಂತೆ ಮಾಡಿದ್ದು. ಸಂಗ್ರಾಹಕರು ಅದನ್ನು ಕೌಂಟರ್‌ಫೀಟ್ ಎನ್ನುತ್ತಾರೆ.

ಹಾಡು ಕೇಳುವುದೇ ಆಸೆಯಾದರೆ ರೀಇಶ್ಯೂ ಕೊಳ್ಳಿ, ಅದರಲ್ಲಿ ಕೀಳರಿಮೆ ಬೇಡ. ಬ್ರಿಟನ್ನಿನ ಕೆಂಟ್, ಷಿಕಾಗೊದ ನ್ಯೂಮೆರೊ ಗ್ರೂಪ್‌ನಂಥ ಸಂಸ್ಥೆಗಳು ಹಕ್ಕು ಪಡೆದು, ಮೂಲ ಟೇಪು ಹುಡುಕಿ ಹೊರತರುತ್ತವೆ. ಸದ್ದು ಎಷ್ಟೋ ಸಲ ಸವೆದ ಒರಿಜಿನಲ್‌ಗಿಂತ ಚೆನ್ನಾಗಿರುತ್ತದೆ. ಅಂತರ ಎಷ್ಟೆಂದು ತಿಳಿಯಲು ಒಂದು ಉದಾಹರಣೆ ಸಾಕು. ಫ್ರ್ಯಾಂಕ್ ವಿಲ್ಸನ್ ಹಾಡಿದ 'ಡೂ ಐ ಲವ್ ಯೂ' 1965ರಲ್ಲಿ ಡೆಟ್ರಾಯಿಟಿನ ಮೋಟೌನ್ ಕಂಪನಿ ತನ್ನ 'ಸೋಲ್' ಎಂಬ ಲೇಬಲ್ಲಿಗೆ (ಬ್ರ್ಯಾಂಡಿಗೆ) ಒತ್ತಿಸಿ, ಬಿಡುಗಡೆಗೆ ಮುಂಚೆಯೇ ಕೈಬಿಟ್ಟ ಹಾಡು. ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದವು. 2009ರಲ್ಲಿ ಒಂದು ಪ್ರತಿ 25,742 ಪೌಂಡಿಗೆ ಹರಾಜಾಯಿತು. ಅದೇ ಹಾಡನ್ನು ಬ್ರಿಟನ್ನಿನ ಟ್ಯಾಮ್ಲಾ ಮೋಟೌನ್ 1979ರಲ್ಲಿ ಅಧಿಕೃತವಾಗಿ ಹೊರತಂದಿತು. ಅದನ್ನು ಕೊಳ್ಳಲು ಸಾಮಾನ್ಯ ಸಂಬಳದವರ ಜೇಬು ಸಾಕು.

2. ದುಡ್ಡು ತೆಗೆಯುವ ಮುನ್ನ ಜಾತಕ ನೋಡಿ

ಡಿಸ್ಕಾಗ್ಸ್ ಮತ್ತು 45ಕ್ಯಾಟ್ ಎಂಬ ಎರಡು ಜಾಲತಾಣಗಳಲ್ಲಿ ಹಾಡಿನ ಹೆಸರು ಹಾಕಿ. ಅದರ ಎಲ್ಲ ಒತ್ತುವಿಕೆಗಳೂ ಬೇರೆ ಬೇರೆಯಾಗಿ ಪಟ್ಟಿಯಾಗಿರುತ್ತವೆ. ಕ್ಯಾಟಲಾಗ್ ಸಂಖ್ಯೆ, ಲೇಬಲ್ಲಿನ ಬಣ್ಣ, ವಿನೈಲೋ ಸ್ಟೈರೀನೋ ಎಂಬುದು, ನುಣುಪು ಜಾಗದ ಬರಹ, ಈ ನಾಲ್ಕನ್ನೂ ಕಾಗದದ ಮೇಲೆ ಬರೆದುಕೊಳ್ಳಿ. 'ಅನ್‌ಅಫಿಶಿಯಲ್' ಎಂದು ಗುರುತು ಮಾಡಿದ ನಮೂದು ಇದ್ದರೆ ಅದನ್ನು ಒರಿಜಿನಲ್‌ಗಿಂತ ಗಮನವಿಟ್ಟು ಓದಿ. ಎರಡರ ವ್ಯತ್ಯಾಸವನ್ನು ಕಂಡುಹಿಡಿದವರು ಅದರ ಟಿಪ್ಪಣಿಯಲ್ಲೇ ಬರೆದಿರುತ್ತಾರೆ.

ಬೆಲೆಗೆ ಮಾರಾಟಗಾರರು ಕೇಳುತ್ತಿರುವ ಮೊತ್ತ ಆಧಾರವಲ್ಲ. ನಿಜವಾಗಿ ಮಾರಾಟವಾದ ಮೊತ್ತ ನೋಡಿ. ಡಿಸ್ಕಾಗ್ಸ್‌ನಲ್ಲಿ ಹಿಂದಿನ ಮಾರಾಟದ ಕನಿಷ್ಠ, ಮಧ್ಯಮ, ಗರಿಷ್ಠ ಬೆಲೆ ಸಿಗುತ್ತದೆ. ಹರಾಜಿನ ಹಳೆಯ ಫಲಿತಾಂಶಕ್ಕೆ ಪಾಪ್‌ಸೈಕ್ ಎಂಬ ತಾಣ ಇದೆ.

ಲೇಬಲ್ಲಿನಿಂದ ಕಾಲ ತಿಳಿಯುವ ಸಂದರ್ಭಗಳೂ ಇವೆ. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ 1968ರವರೆಗೆ ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿಯ ಜೊತೆಗಿತ್ತು; ಆಗ ತಿಳಿನೀಲಿ ಲೇಬಲ್. ಆ ಒಪ್ಪಂದ ಮುರಿದ ಮೇಲೆ ಬಂದದ್ದು ಚಿಟಿಕೆ ಹೊಡೆಯುವ ಬೆರಳುಗಳ ಚಿತ್ರ. ಅರವತ್ತೈದರ ಹಾಡಿನ ಮೇಲೆ ಬೆರಳಿನ ಚಿತ್ರ ಕಂಡರೆ ಅದು ಮೊದಲ ಒತ್ತುವಿಕೆಯಲ್ಲ.

3. ಡೆಡ್ ವ್ಯಾಕ್ಸ್ ಓದಿ

ಗೆರೆ ಮುಗಿದು ಲೇಬಲ್ ಶುರುವಾಗುವ ಮುನ್ನ ಇರುವ ನುಣುಪು ಉಂಗುರಕ್ಕೆ ಡೆಡ್ ವ್ಯಾಕ್ಸ್ ಎನ್ನುತ್ತಾರೆ. ಅದರಲ್ಲಿ ಕೊರೆದ ಅಥವಾ ಮುದ್ರೆ ಒತ್ತಿದ ಅಂಕಿ-ಅಕ್ಷರಗಳೇ ಮ್ಯಾಟ್ರಿಕ್ಸ್. ಪರೀಕ್ಷೆಯ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ.

ಕೋಣೆಯ ದೀಪ ಆರಿಸಿ. ರೆಕಾರ್ಡನ್ನು ಅಂಚಿನಲ್ಲಿ ಹಿಡಿದು, ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ತಟ್ಟೆಗೆ ತಾಗುವಷ್ಟು ಓರೆಯಾಗಿ ಬಿಡಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಬರಹ ಉಂಗುರದ ಎರಡು ಮೂರು ಕಡೆ ಚದುರಿರಬಹುದು. ಎರಡೂ ಬದಿ ಓದಿ.

ಓದುವಾಗ ಎರಡು ವಿಷಯ ಗಮನಿಸಿ: ಏನು ಬರೆದಿದೆ, ಹೇಗೆ ಬರೆದಿದೆ. ಎರಡನೆಯದೇ ಹೆಚ್ಚು ಮುಖ್ಯ. ಕೈಯಿಂದ ಗೀಚಿದ ಅಂಕಿ ಓಲಾಡುತ್ತದೆ. ಯಂತ್ರದ ಮುದ್ರೆಯ ಅಂಕಿ ಒಂದೇ ಎತ್ತರ, ಒಂದೇ ಅಂತರ. ಸಾಮಾನ್ಯವಾಗಿ ಸಿಗುವ ಗುರುತುಗಳು ಇವು:

ಪುಟ್ಟ ತ್ರಿಕೋನ, ಅದರ ಮುಂದೆ ಐದು ಅಂಕಿ. ಇದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ 'ಡೆಲ್ಟಾ ಸಂಖ್ಯೆ'. ಎರಡನೇ ಬದಿಯಲ್ಲಿ ಅದೇ ಸಂಖ್ಯೆಯ ಕೊನೆಗೆ ಎಕ್ಸ್ ಅಕ್ಷರ ಇರುತ್ತದೆ. ಈ ಸಂಖ್ಯೆಗಳು ಕ್ರಮವಾಗಿ ಏರುತ್ತ ಹೋಗುವುದರಿಂದ ಒತ್ತಿದ ಕಾಲವನ್ನು ಅಂದಾಜಿಸಬಹುದು. 1966ರ ಹಾಡಿನ ಮೇಲೆ ಎಪ್ಪತ್ತರ ದಶಕದ ಡೆಲ್ಟಾ ಸಂಖ್ಯೆ ಇದ್ದರೆ ಅದು ತಡವಾದ ಒತ್ತುವಿಕೆ.

'ಓಕೆ' (OKeh) ಎಂಬ ಲೇಬಲ್ಲಿನ ಷಿಕಾಗೊ ಹಾಡುಗಳು. ಈ ಲೇಬಲ್ ಕೊಲಂಬಿಯಾ ಕಂಪನಿಯ ಗುಂಪಿನದು. ಝಡ್‌ಎಸ್‌ಪಿ ಎಂದು ಶುರುವಾಗುವ ಯಂತ್ರಮುದ್ರೆಯ ಸಂಖ್ಯೆಯನ್ನು ನಿರೀಕ್ಷಿಸಬೇಕು. ಆ ಜಾಗದಲ್ಲಿ ಬರೀ ಕ್ಯಾಟಲಾಗ್ ಸಂಖ್ಯೆಯನ್ನು ಕೈಯಲ್ಲಿ ಗೀಚಿದ್ದರೆ ಅನುಮಾನಪಡಿ.

'ಬೆಲ್ ಸೌಂಡ್' ಎಂಬ ಮುದ್ರೆ ನ್ಯೂಯಾರ್ಕಿನ ಸ್ಟುಡಿಯೊದ್ದು. ಕೂಡಕ್ಷರದ ಶೈಲಿಯ 'ಎಆರ್‌ಪಿ' ಮಿಷಿಗನ್ ರಾಜ್ಯದ ಒವಾಸೊ ಊರಿನ ಕಾರ್ಖಾನೆಯದು. ಮೋಟೌನ್‌ನ ಬಹಳಷ್ಟು ಸಿಂಗಲ್ ಅಲ್ಲಿ ಒತ್ತಿದವು. 'ನ್ಯಾಶ್‌ವಿಲ್ ಮ್ಯಾಟ್ರಿಕ್ಸ್' ಎಂಬ ಮುದ್ರೆ ದಕ್ಷಿಣದ ಸಣ್ಣ ಲೇಬಲ್ಲುಗಳಲ್ಲಿ ಹೆಚ್ಚು.

ಮುದ್ರೆ ಇದೆ ಎಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ, ಇಲ್ಲ ಎಂದ ಮಾತ್ರಕ್ಕೆ ನಕಲಿ ಎಂದೂ ಬೇಡ. ಅಸಲಿ ಪ್ರತಿಯಲ್ಲೂ ಕೈಬರಹ ಇರುವುದು ಸಾಮಾನ್ಯ. ನೀವು ಬರೆದಿಟ್ಟುಕೊಂಡ ನಮೂದಿನ ಜೊತೆ ಅಕ್ಷರಕ್ಕೆ ಅಕ್ಷರ, ಗೀಟಿಗೆ ಗೀಟು ಹೊಂದಬೇಕು. ಗೀಟು ಹಾಕಿ ಹೊಡೆದು ಪಕ್ಕದಲ್ಲಿ ತಿದ್ದಿದ್ದರೆ ಅದೂ ಸೇರಿ.

ಮಾರಾಟಗಾರರು ಡೆಡ್ ವ್ಯಾಕ್ಸ್ ಫೋಟೊ ಹಾಕಿಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ದುಬಾರಿ ರೆಕಾರ್ಡಿಗೆ ಅದನ್ನು ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳಬೇಡಿ.

4. ಸ್ಟೈರೀನೋ, ವಿನೈಲೋ

ಅಮೆರಿಕದ ಎಲ್ಲ 45ಗಳೂ ವಿನೈಲ್ ಅಲ್ಲ. ಮೊನಾರ್ಕ್ ಮತ್ತು ನ್ಯೂಜೆರ್ಸಿಯ ಪಿಟ್‌ಮನ್‌ನಲ್ಲಿದ್ದ ಕೊಲಂಬಿಯಾ ಕಾರ್ಖಾನೆಗಳು ಪಾಲಿಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ತುಂಬಿ ತಟ್ಟೆ ಮಾಡುತ್ತಿದ್ದವು. ವಿನೈಲನ್ನು ಬಿಸಿಯಲ್ಲಿ ಒತ್ತಿ ಮಾಡುತ್ತಾರೆ.

ಗುರುತಿಸುವುದು ಹೀಗೆ. ಬೆರಳ ಮೇಲೆ ತೂಗುಬಿಟ್ಟು ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಸ್ಟೈರೀನ್ 'ಟಿಕ್' ಎಂದು ತೆಳುವಾಗಿ ಸದ್ದು ಮಾಡುತ್ತದೆ, ವಿನೈಲಿನದು ಮಂದ. ಸ್ಟೈರೀನ್ ಬಾಗುವುದಿಲ್ಲ, ಬಾಗಿಸಲು ಹೋಗಲೂಬೇಡಿ, ಲಟಕ್ಕನೆ ಮುರಿಯುತ್ತದೆ. ಅದರ ಕಾಗದದ ಲೇಬಲ್ಲನ್ನು ಆಮೇಲೆ ಅಂಟಿಸಿರುತ್ತಾರೆ, ಹಾಗಾಗಿ ಅಂಚು ಎದ್ದಿರಬಹುದು, ಗುಳ್ಳೆ ಬಂದಿರಬಹುದು. ವಿನೈಲಿನ ಲೇಬಲ್ ತಟ್ಟೆಯ ಜೊತೆಗೇ ಒತ್ತಿ ಒಂದಾಗಿರುತ್ತದೆ.

ನಕಲಿ ಹಿಡಿಯಲು ಇದು ಒಳ್ಳೆಯ ದಾರಿ. ಯಾವುದೋ ಹಾಡಿನ ಒರಿಜಿನಲ್ ಸ್ಟೈರೀನಿನಲ್ಲಿ ಮಾತ್ರ ಬಂದಿದೆ ಎಂದು ದಾಖಲೆಗಳು ಹೇಳುತ್ತಿರುವಾಗ ನಿಮ್ಮ ಕೈಯಲ್ಲಿರುವುದು ವಿನೈಲಾದರೆ, ಅದು ಬೇರೆಲ್ಲೋ ಆಮೇಲೆ ಒತ್ತಿದ್ದು. ಆದರೆ ಒಂದೇ ಹಾಡನ್ನು ಎರಡು ಕಾರ್ಖಾನೆಗಳಿಗೆ ಕೊಟ್ಟು, ಒಂದು ಕಡೆ ವಿನೈಲ್, ಇನ್ನೊಂದು ಕಡೆ ಸ್ಟೈರೀನ್ ಬಂದದ್ದೂ ಉಂಟು. ಅದಕ್ಕೇ ಎರಡನೇ ಹಂತವನ್ನು ಬಿಡಬೇಡಿ.

5. ಕಿವಿಗೊಟ್ಟು ಕೇಳಿ

ಬೂಟ್‌ಲೆಗ್ ಮಾಡುವವರ ಹತ್ತಿರ ಮೂಲ ಟೇಪು ಇರುವುದಿಲ್ಲ. ಒಂದು ಹಳೆಯ ರೆಕಾರ್ಡನ್ನೇ ನುಡಿಸಿ, ಅದರಿಂದ ನಕಲು ತೆಗೆಯುತ್ತಾರೆ. ಆ ಹಳೆಯ ತಟ್ಟೆಯ ಚಟಪಟವೂ ಹಾಡಿನೊಳಗೆ ಸೇರಿಹೋಗುತ್ತದೆ.

ನಿಮಿಷಕ್ಕೆ 45 ಸುತ್ತು ಎಂದರೆ ಒಂದು ಸುತ್ತಿಗೆ 1.33 ಸೆಕೆಂಡು. ಗೀರು ಬಿದ್ದ ತಟ್ಟೆ 1.33 ಸೆಕೆಂಡಿಗೊಮ್ಮೆ 'ಟಕ್' ಎನ್ನುತ್ತದೆ. ಆ ಸದ್ದು ಕೇಳುತ್ತಿದ್ದು, ಟಾರ್ಚು ಬಿಟ್ಟು ನೋಡಿದರೆ ಆ ಜಾಗದಲ್ಲಿ ಗೀರು ಇಲ್ಲದಿದ್ದರೆ, ಗೀರು ಇರುವುದು ನಕಲು ತೆಗೆದ ಮೂಲ ಪ್ರತಿಯಲ್ಲಿ. ಹಾಡಿನ ಕೊನೆಯನ್ನೂ ಗಮನಿಸಿ. ಹಾಡು ತಗ್ಗುತ್ತ ಹೋಗಿ, ಹಿನ್ನೆಲೆಯ ಸರಸರ ಥಟ್ಟನೆ ಕಡಿದುಹೋದರೆ ಅದೂ ಅದೇ ಲಕ್ಷಣ. ತಾಳದ ತಟ್ಟೆಗಳ ಮೊನಚು ಮಂಕಾಗಿ, ಬಾಸು ಉಬ್ಬಿದ್ದರೂ ಸಂಶಯಕ್ಕೆ ಕಾರಣ ಇದೆ.

ಆನ್‌ಲೈನಿನಲ್ಲಿ ಕೊಳ್ಳುವಾಗ ಮುಳ್ಳು ಇಟ್ಟ ಕ್ಷಣದಿಂದ ಹತ್ತು ಸೆಕೆಂಡು, ನಡುವೆ ಒಂದು ಮೆಲುದನಿಯ ಜಾಗ, ಕೊನೆಯ ಹತ್ತು ಸೆಕೆಂಡು, ಈ ಮೂರರ ಧ್ವನಿ ತುಣುಕು ಕೇಳಿ. ನಡುವಿನ ಅಬ್ಬರದ ಕೋರಸ್ ಮಾತ್ರ ಕಳಿಸಿದರೆ ಏನೂ ತಿಳಿಯುವುದಿಲ್ಲ.

6. ಗ್ರೇಡಿನ ಭಾಷೆ

ಅಮೆರಿಕದವರು ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ, ಜಿ ಎಂಬ ಏಣಿ ಬಳಸುತ್ತಾರೆ. ವಿಜಿ ಎಂದರೆ ಹೆಸರಿಗೆ 'ವೆರಿ ಗುಡ್', ಆದರೆ ಗೀರು ಕಾಣುತ್ತದೆ, ನುಡಿಸಿದರೆ ಅದರ ಸದ್ದೂ ಕೇಳುತ್ತದೆ. ನೆಮ್ಮದಿಯಾಗಿ ಕೇಳಲು ವಿಜಿ ಪ್ಲಸ್‌ಗಿಂತ ಕೆಳಗೆ ಇಳಿಯಬೇಡಿ, ತೀರಾ ಅಪರೂಪದ್ದಾದರೆ ಮಾತು ಬೇರೆ. ಬ್ರಿಟನ್ನಿನವರ ಏಣಿಯಲ್ಲಿ ಮಿಂಟ್ ಕೆಳಗೆ 'ಎಕ್ಸಲೆಂಟ್' ಬರುತ್ತದೆ. ಅದು ಹೆಚ್ಚುಕಡಿಮೆ ಅಮೆರಿಕದ ವಿಜಿ ಪ್ಲಸ್‌ಗೆ ಸಮ. ಯಾವ ಏಣಿಯಲ್ಲಿ ಅಳೆದಿದ್ದಾರೆಂದು ಕೇಳಿಕೊಳ್ಳಿ.

ಸ್ಟೈರೀನಿಗೆ ಕಣ್ಣಿನ ಗ್ರೇಡು ಸಾಲದು. ನೋಡಲು ಫಳಫಳ ಹೊಳೆಯುತ್ತಿದ್ದರೂ ಸವೆದ ಮುಳ್ಳು ಒಳಗೆ ಗೆರೆಯ ಗೋಡೆ ಕೆರೆದಿರುತ್ತದೆ, ನುಡಿಸಿದರೆ ಬುಸ್ ಎನ್ನುತ್ತದೆ. 'ಪ್ಲೇ ಗ್ರೇಡೆಡ್', ಅಂದರೆ ನುಡಿಸಿ ನೋಡಿ ಕೊಟ್ಟ ಗ್ರೇಡೇ ಎಂದು ಕೇಳಿ. ರೇಡಿಯೊದವರಿಗೆ ಹಂಚಿದ ಪ್ರೋಮೊ ಪ್ರತಿಗಳಿಗೆ ಇನ್ನೊಂದು ಕಾಯಿಲೆ ಉಂಟು. ಹಾಡಿನ ಆರಂಭ ಹಿಡಿಯಲು ಡಿಜೆಗಳು ತಟ್ಟೆಯನ್ನು ಹಿಂದೆಮುಂದೆ ಉಜ್ಜುತ್ತಿದ್ದರು. ಅದರಿಂದ ಹಾಡಿನ ಮೊದಲ ಕೆಲವು ಸೆಕೆಂಡು ಮಾತ್ರ ಬುಸುಗುಡುತ್ತದೆ. ಇದಕ್ಕೆ 'ಕ್ಯೂ ಬರ್ನ್' ಎನ್ನುತ್ತಾರೆ, ತೊಳೆದರೆ ಹೋಗುವುದಿಲ್ಲ.

ಲೇಬಲ್ ಮೂಲಕ ಕೊರೆದ ಪುಟ್ಟ ತೂತು ಇದ್ದರೆ ಗಾಬರಿ ಬೇಡ. ಉಳಿಕೆ ಮಾಲಿನಲ್ಲಿ ಹೋದದ್ದರ ಗುರುತು ಅದು, ಸದ್ದಿಗೆ ತೊಂದರೆಯಿಲ್ಲ. ಲೇಬಲ್ ಮೇಲೆ ಯಾರದೋ ಹೆಸರು ಬರೆದಿದ್ದರೂ ಅಷ್ಟೆ. ಬೆಲೆ ತುಸು ಇಳಿಯುತ್ತದೆ, ಕೇಳುಗರಿಗೆ ಲಾಭ. ತೂತಿನ ಕಡೆಯಿಂದಲೋ ಅಂಚಿನಿಂದಲೋ ಹೊರಟ ಕೂದಲೆಳೆಯಂಥ ಸೀಳು ಇದ್ದರೆ ಮಾತ್ರ ಬಿಟ್ಟುಬಿಡಿ, ಅದು ಬೆಳೆಯುತ್ತದೆ.

7. ಭಾರತಕ್ಕೆ ತರಿಸುವುದು

ಒಂದು 45 ಕಳಿಸುವುದಕ್ಕೂ ನಾಲ್ಕೈದು ಕಳಿಸುವುದಕ್ಕೂ ಅಂಚೆ ವೆಚ್ಚದಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ. ಒಬ್ಬರೇ ಮಾರಾಟಗಾರರ ಹತ್ತಿರ ನಾಲ್ಕೈದು ಆರಿಸಿ, ಇಲ್ಲವೇ ಗೆಳೆಯರು ಸೇರಿ ತರಿಸಿ. ರೆಕಾರ್ಡಿನ ಬೆಲೆ, ಅಂಚೆ, ಸುಂಕ, ಮೂರನ್ನೂ ಕೂಡಿಸಿದ ಮೇಲೆ ಬರುವುದೇ ನಿಮ್ಮ ನಿಜವಾದ ಬೆಲೆ. ಸುಂಕದ ದರ ಬದಲಾಗುತ್ತಿರುತ್ತದೆ, ಆರ್ಡರ್ ಮಾಡುವ ಮುನ್ನ ನೋಡಿಕೊಳ್ಳಿ. ಪಾರ್ಸೆಲ್ ಮೇಲೆ 'ಗಿಫ್ಟ್' ಎಂದೋ ಕಡಿಮೆ ಬೆಲೆಯನ್ನೋ ಬರೆಯಲು ಮಾರಾಟಗಾರರಿಗೆ ಹೇಳಬೇಡಿ. ಅದು ಸುಳ್ಳು ಘೋಷಣೆ. ಕಳೆದುಹೋದರೆ ಪರಿಹಾರವೂ ಆ ಬರೆದ ಬೆಲೆಗೇ. ಬಿಲ್ಲಿನ ಮತ್ತು ಹಣ ಪಾವತಿಯ ಪ್ರತಿ ತೆಗೆದಿಟ್ಟಿರಿ, ಕಸ್ಟಮ್ಸ್‌ನವರು ಕೇಳಿದಾಗ ಅದೇ ದಿನ ಕಳಿಸಲು ಅನುಕೂಲ.

ಪ್ಯಾಕಿಂಗ್ ಹೇಗಿರಬೇಕೆಂದು ನೀವೇ ಹೇಳಿ: ರೆಕಾರ್ಡಿನ ಎರಡೂ ಬದಿಗೆ ಗಟ್ಟಿ ರಟ್ಟು, ಒಂದರ ಒಳಪದರದ ಅಲೆಯಂಥ ಗೆರೆ ಅಡ್ಡ, ಇನ್ನೊಂದರದು ಉದ್ದ. ಹೀಗಿದ್ದರೆ ಪೊಟ್ಟಣ ಯಾವ ದಿಕ್ಕಿಗೂ ಮಡಚುವುದಿಲ್ಲ. ಪಾರ್ಸೆಲ್ ತೆರೆಯುವಾಗ ಮೊದಲಿನಿಂದಲೇ ವಿಡಿಯೊ ಮಾಡಿಕೊಳ್ಳಿ.

8. ತೊಳೆಯುವುದು, ನುಡಿಸುವುದು

ಒಂದು ಲೀಟರ್ ಡಿಸ್ಟಿಲ್ಡ್ ನೀರು, ಅದಕ್ಕೆ ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ 2ರಿಂದ 3 ಮಿ.ಲೀ. ಇದು ನೀರು ಹನಿಗಟ್ಟದೆ ಗೆರೆಯೊಳಗೆ ಹರಡುವಂತೆ ಮಾಡುತ್ತದೆ. ನಲ್ಲಿ ನೀರು, ಬೋರ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಉಪ್ಪು ಗೆರೆಯಲ್ಲಿ ಕೂರುತ್ತದೆ. ಮೃದು ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ಸುತ್ತಿಸಿ, ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ಒರೆಸಿ, ನೆರಳಲ್ಲಿ ಒಣಗಿಸಿ. ಸ್ಟೈರೀನಿನ ಲೇಬಲ್ಲಿಗೆ ನೀರು ತಾಗದಿರಲಿ, ಅಂಟು ಬಿಡುತ್ತದೆ. ಸ್ಪಿರಿಟ್, ಆಲ್ಕೋಹಾಲ್ ಇರುವ ದ್ರಾವಣವನ್ನು ಸ್ಟೈರೀನಿಗೆ ಹಾಕಬೇಡಿ.

ಮುಳ್ಳು ಕೋನಿಕಲ್ ಇರಲಿ, ಅಂದರೆ ತುದಿ ದುಂಡಗಿರುವುದು. ಎಲಿಪ್ಟಿಕಲ್ ಮುಳ್ಳು ಎಲ್‌ಪಿಗೆ ಚೆನ್ನ, ಸ್ಟೈರೀನಿಗೆ ಕಷ್ಟ. ಉದಾಹರಣೆಗೆ ಆಡಿಯೊ ಟೆಕ್ನಿಕಾದ ವಿಎಂ95ಸಿ ಕೋನಿಕಲ್. ಅದಕ್ಕೆ ಹೇಳಿರುವ ಭಾರ 2 ಗ್ರಾಂ. ತಕ್ಕಡಿಯಲ್ಲಿ ಅಳೆದು ಇಡಿ. ಭಾರ ಕಡಿಮೆಯಿದ್ದರೆ ರೆಕಾರ್ಡು ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. 45ಗಳನ್ನು ಜೋರಾದ ಸದ್ದಿಗೆ ಕೊರೆದಿರುತ್ತಾರೆ. ಹಗುರ ಮುಳ್ಳು ಗೆರೆಯಲ್ಲಿ ನಿಲ್ಲದೆ ಪುಟಿದು ಗೋಡೆ ಒಡೆಯುತ್ತದೆ.

ಆಂಪ್ಲಿಫೈಯರಿನಲ್ಲಿ ಮೋನೊ ಗುಂಡಿ ಇದ್ದರೆ ಒತ್ತಿ. ಅರವತ್ತರ ಸೋಲ್ 45 ಬಹುತೇಕ ಮೋನೊ. ಮೋನೊದಲ್ಲಿ ಹಾಡು ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ. ದೂಳು, ಸವೆತದಿಂದ ಬರುವ ಮೇಲೆ-ಕೆಳಗಿನ ಚಲನೆಯ ಗದ್ದಲವನ್ನು ಆ ಗುಂಡಿ ಕಳೆದುಹಾಕುತ್ತದೆ.

9. ಜೋಡಿಸಿಡುವುದು

ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಕಂಪನಿಯ ಹಳೆಯ ಕಾಗದದ ಚೀಲವನ್ನು ಬೇರೆ ಇಟ್ಟು, ರೆಕಾರ್ಡನ್ನು ಆಮ್ಲರಹಿತ ಕಾಗದ ಅಥವಾ ಪಾಲಿಥಿನ್ ಚೀಲಕ್ಕೆ ಹಾಕಿ. ಪಿವಿಸಿ ಚೀಲ ಬೇಡ. ನಮ್ಮ ಸೆಕೆಗೆ ಅದರ ಎಣ್ಣೆಯಂಶ ಒಸರಿ ವಿನೈಲಿನ ಮೇಲೆ ಮಂಜು ಕವಿದಂತೆ ಕೂರುತ್ತದೆ, ಒರೆಸಿದರೂ ಹೋಗದು. ಕರಾವಳಿ, ಮಲೆನಾಡಿನವರು ಜೂನ್‌ಗೆ ಮುಂಚೆಯೇ ಮುಚ್ಚಳವಿರುವ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಬದಲಿಸಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಬೂಷ್ಟು ಹಿಡಿದ ರೆಕಾರ್ಡು ಸಿಕ್ಕರೆ ಮನೆಯ ಹೊರಗೆ ತೊಳೆದು, ಹಳೆಯ ಚೀಲ ಎಸೆದು, ಆಮೇಲೆ ಒಳಗೆ ತನ್ನಿ.

10. ಬಂದದ್ದು ನಕಲಿಯಾಗಿದ್ದರೆ

ಮೊದಲು ಡೆಡ್ ವ್ಯಾಕ್ಸ್‌ನ ಎರಡೂ ಬದಿಯ ಫೋಟೊ ತೆಗೆದು, ಜಾಲತಾಣದ ನಮೂದಿನ ಪಕ್ಕದಲ್ಲಿಟ್ಟು ಮಾರಾಟಗಾರರಿಗೆ ಕಳಿಸಿ. ತಿಳಿಯದೆ ಮಾರಿದವರು ಬಹಳ ಮಂದಿ ಇರುತ್ತಾರೆ, ಮರ್ಯಾದೆಯಿಂದ ಬರೆದರೆ ಹಣ ಹಿಂದಿರುಗಿಸುತ್ತಾರೆ. ಒಪ್ಪದಿದ್ದರೆ ಕೊಂಡ ತಾಣದಲ್ಲಿ ದೂರು ಕೊಡಿ. ಅದಕ್ಕೆ ದಿನಗಳ ಮಿತಿ ಇರುತ್ತದೆ, ಹಾಗಾಗಿ ರೆಕಾರ್ಡು ಬಂದ ದಿನವೇ ಪರೀಕ್ಷೆ ಮುಗಿಸಿ. ನಕಲಿಯನ್ನು ಇಟ್ಟುಕೊಳ್ಳುವುದೇ ಆದರೆ ಚೀಲದ ಮೇಲೆ 'ಬೂಟ್‌ಲೆಗ್' ಎಂದು ಪೆನ್ಸಿಲಿನಲ್ಲಿ ಸ್ಪಷ್ಟವಾಗಿ ಬರೆದಿಡಿ, ಮುಂದೊಂದು ದಿನ ನಿಮ್ಮ ಪೆಟ್ಟಿಗೆ ಬೇರೆಯವರ ಕೈಗೆ ಹೋದಾಗ ಅವರು ಅದನ್ನು ಒರಿಜಿನಲ್ ಎಂದು ಮಾರದಿರಲಿ.